ಯಾರ ಪೈಕಿ ಈ ಗಾಡಿ?

ನಮ್ಮ ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ, ಎರಡು ಹಳದಿ ಗೆರೆಗಳ ನಡುವೆ, ನನ್ನ ಹೆಸರಿಗೆಂದು ಒಂದು ಪಾರ್ಕಿಂಗ್ ಜಾಗವಿದೆ. ಮೂರು ವರ್ಷದ ಹಿಂದೆ, ಅವ್ವ ತೀರಿಕೊಂಡ ವರ್ಷ, ಹಳೆಯ ಸಣ್ಣ ಕಾರನ್ನು ಮಾರಿಬಿಟ್ಟೆ. ಅವಳನ್ನು ದವಾಖಾನೆಗೆ ಕರೆದೊಯ್ಯಲು ಬಿಟ್ಟರೆ ಅದಕ್ಕೆ ಬೇರೆ ಕೆಲಸವಿರಲಿಲ್ಲ. ಅಂದಿನಿಂದ ಆ ಜಾಗ ಖಾಲಿ ಬಿದ್ದಿತ್ತು. ಖಾಲಿ ಜಾಗ ಕಂಡರೆ ನಮ್ಮ ಜನಕ್ಕೆ ಕೈ ಕಟ್ಟಿಕೊಂಡು ಕೂರಲು ಬರುತ್ತದೆಯೇ? ಮೊದಲು ಯಾರೋ ಕಾಲು ಮುರಿದ ಕುರ್ಚಿಯೊಂದನ್ನು ತಂದಿಟ್ಟರು, ಆಮೇಲೆ ಇನ್ನಾರದೋ ಮನೆಯಲ್ಲಿ ಮಕ್ಕಳು ಬೆಳೆದು ಬೇಡವಾದ ಮೂರು ಚಕ್ರದ ಸೈಕಲ್ಲು ಬಂತು, ಬೇಸಿಗೆ ಮುಗಿದದ್ದೇ ಒಂದು ಏರ್ ಕೂಲರು ಬಂದು ಕೂತಿತು. ನನಗೇನೂ ಸಿಟ್ಟು ಬರಲಿಲ್ಲ. ನಿಜ ಹೇಳಲೇ, ಆಫೀಸಿನಿಂದ ಬಂದವನು ದಿನಾ ಅಲ್ಲೊಂದು ಗಳಿಗೆ ನಿಂತು, ಇವತ್ತು ಹೊಸದಾಗಿ ಯಾರ ಮನೆಯ ಏನು ಬಂದಿದೆ ಎಂದು ನೋಡಿಯೇ ಮೇಲೆ ಹೋಗುತ್ತಿದ್ದೆ.

ಒಂದು ದಿನ ಅಸೋಸಿಯೇಷನ್ನಿನ ಕಾರ್ಯದರ್ಶಿಗಳು ಲಿಫ್ಟಿನಲ್ಲಿ ನನ್ನನ್ನು ಹಿಡಿದರು. ಗಾಡಿ ಇಲ್ಲದವರು ಜಾಗ ಬಿಟ್ಟುಕೊಟ್ಟರೆ ಎರಡೆರಡು ಗಾಡಿ ಇರುವ ಸಂಸಾರಸ್ಥರಿಗೆ ಅನುಕೂಲವಾಗುತ್ತದೆ ಎಂದು ಬಹಳ ನಯವಾಗಿ ತೆಲುಗಿನಲ್ಲಿ ಹೇಳಿದರು. ಸಂಸಾರಸ್ಥರು ಎಂಬ ಮಾತನ್ನು ಅವರು ಒತ್ತಿ ಹೇಳಲಿಲ್ಲ, ನಾನೇ ಒತ್ತಿ ಕೇಳಿಸಿಕೊಂಡೆ. ಮನೆ ಬಾಗಿಲಿಗೆ ಬರುವಷ್ಟರಲ್ಲಿ ನಿರ್ಧಾರವಾಗಿತ್ತು: ಜಾಗ ಬಿಡುವುದಿಲ್ಲ, ಗಾಡಿಯನ್ನೇ ಕೊಳ್ಳುತ್ತೇನೆ.

ನನ್ನ ಪರಿಚಯ ಎರಡು ಮಾತಿನಲ್ಲಿ ಮುಗಿಯುತ್ತದೆ. ವಯಸ್ಸು ಐವತ್ತೆರಡು. ಕೆಲಸ ಸಾಫ್ಟ್‌ವೇರ್ ಟೆಸ್ಟಿಂಗು, ಅಂದರೆ ಬೇರೆಯವರು ಬರೆದ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕಿ ತೆಗೆದು ಅವರ ಕೆಂಗಣ್ಣಿಗೆ ಗುರಿಯಾಗುವುದು. ಅಪ್ಪ ಬಾಗಲಕೋಟೆ ಕಡೆಯಿಂದ ಹೈದರಾಬಾದಿನ ಒಂದು ಸರ್ಕಾರಿ ಕಾರ್ಖಾನೆಗೆ ಡ್ರೈವರಾಗಿ ಬಂದವರು. ನಾನು ಹುಟ್ಟಿ ಬೆಳೆದದ್ದು ತಾರ್ನಾಕದ ಒಂದು ವಠಾರದಲ್ಲಿ. ಊರಿನ ಪಶ್ಚಿಮಕ್ಕೆ ಬಂಡೆಗಳನ್ನು ಸಿಡಿಸಿ ಗಾಜಿನ ಕಟ್ಟಡಗಳನ್ನು ಎಬ್ಬಿಸಿದಾಗ, ಎಲ್ಲರಂತೆ ನಾನೂ ಅವುಗಳಲ್ಲಿ ಒಂದರೊಳಗೆ ನುಸುಳಿಕೊಂಡು, ಮಣಿಕೊಂಡದಲ್ಲಿ ಈ ಫ್ಲ್ಯಾಟು ಕೊಂಡೆ. ಮದುವೆ ಯಾಕಾಗಲಿಲ್ಲ ಎಂದು ದಯವಿಟ್ಟು ಕೇಳಬೇಡಿ. ಮೊದಲು ತಂಗಿಯರದಾಗಲಿ ಎಂದರು, ಆಯಿತು. ಆಮೇಲೆ ಈ ಪ್ರಾಜೆಕ್ಟು ಮುಗಿಯಲಿ ಎಂದು ನಾನೇ ಅಂದೆ, ಪ್ರಾಜೆಕ್ಟುಗಳು ಮುಗಿಯುವ ಜಾತಿಯವಲ್ಲ ಎಂದು ತಿಳಿಯುವಷ್ಟರಲ್ಲಿ ತಲೆ ಬೆಳ್ಳಗಾಗಿತ್ತು.

ಅವ್ವ ಇರುವ ತನಕ ಮನೆಯಲ್ಲಿ ಕನ್ನಡವಿತ್ತು. ಐವತ್ತು ವರ್ಷ ಈ ಊರಿನಲ್ಲಿದ್ದರೂ ಅವಳು ತೆಲುಗು ಕಲಿಯಲಿಲ್ಲ, ತೆಲುಗಿನವರೇ ಅವಳ ಕನ್ನಡವನ್ನು ಕಲಿತರು. ಅವಳು ಹೋದ ಮೇಲೆ ಆಫೀಸಿನಲ್ಲಿ ಇಂಗ್ಲಿಷು, ಲಿಫ್ಟಿನಲ್ಲಿ ತೆಲುಗು, ಹಣ್ಣಿನವನ ಹತ್ತಿರ ಹಿಂದಿ. ತಂಗಿಯರಿಬ್ಬರೂ ದೂರದ ಊರುಗಳಲ್ಲಿದ್ದಾರೆ; ಹಬ್ಬಕ್ಕೊಮ್ಮೆ ಫೋನು ಮಾಡಿ, ಆರಾಮ ಅದೀಯಾ, ಆರಾಮ ಅದೀನಿ, ಊಟಾತಾ, ಆತು ಎನ್ನುವಷ್ಟರಲ್ಲಿ ಅವರ ಒಲೆಯ ಮೇಲಿನ ಹಾಲು ಉಕ್ಕುತ್ತದೆ. ಬೆಳಗಿನಿಂದ ಸಂಜೆಯ ತನಕ ಮೂರು ಭಾಷೆಗಳಲ್ಲಿ ಮಾತಾಡಿ ಮನೆಗೆ ಬಂದರೆ, ದಿನವಿಡೀ ಬಾಯಿಯೇ ತೆರೆದಿಲ್ಲವೇನೋ ಎನ್ನಿಸುತ್ತಿತ್ತು.

ಇರಲಿ, ಕಾರಿನ ವಿಷಯಕ್ಕೆ ಬರೋಣ. ನೀವೂ ನೋಡಿರಬಹುದು, ಈಗ ರಸ್ತೆಯ ತುಂಬ ಒಂದು ಹೊಸ ತಳಿಯ ಗಾಡಿಗಳು ಓಡಾಡುತ್ತಿವೆ. ಅಳತೆಯಲ್ಲಿ ಸಣ್ಣ ಕಾರೇ, ಆದರೆ ನೆಲದಿಂದ ಒಂದು ಗೇಣು ಮೇಲಕ್ಕೆತ್ತಿ ನಿಲ್ಲಿಸಿದ್ದಾರೆ; ಚಕ್ರಗಳ ಸುತ್ತ ಕಲ್ಲುಮುಳ್ಳು ತಾಗಬಾರದೆಂದು ಕಪ್ಪು ಪ್ಲಾಸ್ಟಿಕ್ಕಿನ ಪಟ್ಟಿ ಹಚ್ಚಿದ್ದಾರೆ; ಎದೆಯ ಕೆಳಗೆ ಬೆಳ್ಳಿಯ ಬಣ್ಣದ ಕವಚ, ತಲೆಯ ಮೇಲೆ ಗಂಟುಮೂಟೆ ಕಟ್ಟಲು ಕಂಬಿಗಳು. ಕಂಡರೆ ಈಗಷ್ಟೇ ಹಿಮಾಲಯ ಇಳಿದು ಬಂದಿದೆ, ನೀರು ಕುಡಿದು ಮತ್ತೆ ಹೊರಡುತ್ತದೆ ಎನ್ನಿಸಬೇಕು. ಹೋಗುವುದು ಮಾತ್ರ ಕೂಕಟ್‌ಪಲ್ಲಿಯ ಸೂಪರ್ ಮಾರ್ಕೆಟ್ಟಿಗೆ. ನಮ್ಮ ನೆಲಮಾಳಿಗೆಯಲ್ಲಿ ನಿಂತಿದ್ದ ಒಂದರ ಬೆಳ್ಳಿ ಕವಚವನ್ನು ಕೈಬೆರಳಿನಿಂದ ತಟ್ಟಿ ನೋಡಿದೆ. ಮೊಸರಿನ ಡಬ್ಬಿ ತಟ್ಟಿದಂತೆ ಟೊಕ್ ಎಂದಿತು. ಮಣ್ಣು, ಮರಳು, ಹಿಮ ಎಂದು ಚಿತ್ರ ಬರೆದ ಒಂದು ಗುಂಡಿಯೂ ಒಳಗಿದೆ. ತಿರುಗಿಸಿದರೆ ಪರದೆಯ ಮೇಲೆ ಪರ್ವತ ಮೂಡುತ್ತದೆ. ಎಳೆಯುವುದು ಮಾತ್ರ ಮುಂದಿನ ಎರಡೇ ಚಕ್ರ.

ಇನ್ನು ಅವುಗಳ ವಂಶಾವಳಿ. ನಮ್ಮ ಕಡೆ ಯಾರಾದರೂ ಹೊಸಬರು ಸಿಕ್ಕರೆ ಹೆಸರು ಕೇಳುವ ಮೊದಲು "ಯಾರ ಪೈಕಿ?" ಎಂದು ಕೇಳುತ್ತಾರೆ, ಅಂದರೆ ಯಾವ ಮನೆತನಕ್ಕೆ ಸೇರಿದವರು ಎಂದು. ಸಂಬಂಧ ಕುದುರಿಸುವಾಗ ಹುಡುಗ ಏನು ಮಾಡುತ್ತಾನೆ ಎನ್ನುವುದಕ್ಕಿಂತ ಅವನ ಅಜ್ಜ ಏನು ಮಾಡುತ್ತಿದ್ದ ಎನ್ನುವುದರ ಮೇಲೆ ಹೆಚ್ಚು ಚರ್ಚೆ ನಡೆಯುತ್ತದೆ. ಕಾರಿನ ಕಂಪನಿಗಳು ನಮ್ಮ ಈ ಗುಣವನ್ನು ಎಲ್ಲಿ ಕದ್ದು ಕೇಳಿಸಿಕೊಂಡವೋ ಕಾಣೆ. ಒಂದರ ಪುಸ್ತಿಕೆ ತೆರೆದರೆ ಮೊದಲ ಪುಟದಲ್ಲೇ ಕಪ್ಪು ಬಿಳುಪಿನ ಫೋಟೊ: ನಮ್ಮ ಮೂಲಪುರುಷ ಮಹಾಯುದ್ಧದಲ್ಲಿ ಸೈನಿಕರನ್ನು ಹೊತ್ತು ಕೆಸರು ದಾಟಿದವನು, ಅವನ ಮುಖದ ಮೇಲೆ ಇಂಜಿನ್ನಿಗೆ ಗಾಳಿಯಾಡುವ ಎಷ್ಟು ಸೀಳುಗಳಿದ್ದವೋ ಮೊಮ್ಮಗನ ಮುಖದಲ್ಲೂ ಅಷ್ಟೇ ಇಟ್ಟಿದ್ದೇವೆ, ಬೇಕಾದರೆ ಎಣಿಸಿಕೊಳ್ಳಿ. ಇನ್ನೊಂದರಲ್ಲಿ ಮರಳುಗಾಡು: ನಮ್ಮ ಹಿರಿಯರು ಒಂಟೆಗಳೂ ಸೋತ ದಾರಿಯಲ್ಲಿ ಪಂದ್ಯ ಗೆದ್ದವರು, ಆ ಮರಳಿನ ಬಣ್ಣವನ್ನೇ ಸೀಟಿನ ಹೊಲಿಗೆಗೆ ಬಳಸಿದ್ದೇವೆ. ಅವ್ವ ಇದ್ದಿದ್ದರೆ, ನಮ್ಮಪ್ಪ ತುಪ್ಪ ತಿಂದಿದ್ದ, ನನ್ನ ಕೈ ಮೂಸಿ ನೋಡು ಅಂದಂಗಾತು ಇದು, ಎಂದು ಬಾಯಿಗೆ ಸೆರಗು ಹಿಡಿದು ನಗುತ್ತಿದ್ದಳು.

ಆ ಮೂಲಪುರುಷನ ಪೈಕಿ ಒಂದನ್ನು ನಾನು ಹತ್ತಿರದಿಂದ ಬಲ್ಲೆ. ಅಪ್ಪ ಕಾರ್ಖಾನೆಯಲ್ಲಿ ಓಡಿಸುತ್ತಿದ್ದದ್ದು ಅಂಥದೇ ಹಳೆಯ ಜೀಪು. ಬಾಗಿಲಿನ ಜಾಗದಲ್ಲಿ ಕ್ಯಾನ್ವಾಸ್ ಪಟ್ಟಿ, ಗೇರಿನ ಪಕ್ಕದಲ್ಲಿ ನಾಲ್ಕೂ ಚಕ್ರಗಳಿಗೆ ಬಲ ಕೊಡುವ ಇನ್ನೊಂದು ಸಣ್ಣ ಹಿಡಿಕೆ. ಸಾಹೇಬರನ್ನು ಬಿಟ್ಟು ಬರುವ ದಾರಿಯಲ್ಲಿ ಒಮ್ಮೊಮ್ಮೆ ನನ್ನನ್ನು ಹತ್ತಿಸಿಕೊಂಡು ಯೂನಿವರ್ಸಿಟಿಯ ಮರಗಳ ಕೆಳಗೆ ಒಂದು ಸುತ್ತು ಹೊಡೆಸುತ್ತಿದ್ದರು. ನನಗೆ ಅದು ಪುಷ್ಪಕ ವಿಮಾನ. ಅಪ್ಪನಿಗೆ ಅಲ್ಲ. ಅವರು ಮನೆಗೆ ಬಂದು ಬೋರಲು ಮಲಗಿ, ಅವ್ವನ ಕೈಯಲ್ಲಿ ಸೊಂಟಕ್ಕೆ ಎಣ್ಣೆ ತಿಕ್ಕಿಸಿಕೊಳ್ಳುತ್ತ, "ಅದು ಗಾಡಿ ಅಲ್ಲ, ಬೆನ್ನಿಗೆ ಬಿದ್ದ ಶನಿ" ಎನ್ನುತ್ತಿದ್ದರು. ನಿವೃತ್ತಿಯ ದಿನ ಅದರ ಕಡೆ ತಿರುಗಿಯೂ ನೋಡದೆ ಸಿಟಿ ಬಸ್ಸು ಹತ್ತಿ ಬಂದರು. ಪರಂಪರೆ ಎನ್ನುವುದು ಅದನ್ನು ಬೆನ್ನ ಮೇಲೆ ಹೊತ್ತವನಿಗೆ ಒಂದು ಥರ ಕಾಣುತ್ತದೆ, ಪುಸ್ತಿಕೆಯಲ್ಲಿ ಓದಿದವನಿಗೆ ಇನ್ನೊಂದು ಥರ.

ಇಷ್ಟೆಲ್ಲ ಬುದ್ಧಿವಂತಿಕೆ ಇದ್ದೂ ನಾನು ಅಂಥ ಗಾಡಿಯನ್ನೇ ನೋಡಲು ಹೋದೆ. ಮೊದಲ ಶೋರೂಮಿನಲ್ಲಿ ಟೈ ಕಟ್ಟಿದ ಮಹಾಶಯರೊಬ್ಬರು ಕಾಫಿ ತರಿಸಿ, ಎದುರು ಕೂತು, ಮನೆಯಲ್ಲಿ ಎಷ್ಟು ಜನ ಎಂದು ಹಿಂದಿಯಲ್ಲಿ ಕೇಳಿದರು. ಒಬ್ಬನೇ ಎಂದೆ. ಅವರ ಮುಖದ ಬೆಳಕು ಸ್ವಲ್ಪ ತಗ್ಗಿತು. ಒಬ್ಬರಿಗೆ ಇಷ್ಟು ದೊಡ್ಡದು ಏಕೆ ಸಾರ್, ಆ ಮೂಲೆಯಲ್ಲಿರುವ ಸಣ್ಣದನ್ನು ನೋಡಿ ಎಂದು ಬೆರಳು ತೋರಿಸಿ, ಬಾಗಿಲಲ್ಲಿ ಆಗಷ್ಟೇ ಕಾಲಿಟ್ಟ ಒಂದು ತುಂಬಿದ ಕುಟುಂಬದ ಕಡೆ ನಡೆದರು. ನನ್ನ ಕಾಫಿ ಇನ್ನೂ ಆರಿರಲಿಲ್ಲ.

ಎರಡನೆಯದು ಕೂಕಟ್‌ಪಲ್ಲಿಯಲ್ಲಿ, ಒಬ್ಬನೇ ಮಾಲೀಕ ಎರಡು ಕಂಪನಿಗಳ ಗಾಡಿಗಳನ್ನು ಅಕ್ಕಪಕ್ಕದಲ್ಲಿಟ್ಟು ಮಾರುವ ಶೋರೂಮು. ಗೋಡೆಯ ಈಚೆ ಯುದ್ಧದ ಮನೆತನ, ಆಚೆ ಮರಳುಗಾಡಿನ ಮನೆತನ. ಒಂದರೊಳಗೆ ಬಗ್ಗಿ ಕೂರಲು ಹೋಗಿ ತಲೆ ಬಡಿಸಿಕೊಂಡು "ಯವ್ವಾ" ಎಂದೆ. ಅಷ್ಟು ಹೊತ್ತು ತೆಲುಗಿನಲ್ಲಿ ಇಂಜಿನ್ನಿನ ಗುಣಗಾನ ಮಾಡುತ್ತಿದ್ದ ಹುಡುಗಿ ತಟ್ಟನೆ ನಿಲ್ಲಿಸಿ, "ನಮ್ಮ ಕಡೆಯವ್ರೇನ್ರಿ ಸರ್?" ಎಂದಳು. ಹೆಸರು ಶಿವಲೀಲಾ. ಊರು ಮುದ್ದೇಬಿಹಾಳ. ಗಂಡನಿಗೆ ಇಲ್ಲಿನ ಔಷಧಿ ಕಾರ್ಖಾನೆಯಲ್ಲಿ ಕೆಲಸ. ಮದುವೆಯಾಗಿ ಬಂದು ನಾಲ್ಕು ವರ್ಷ, ಈ ನೌಕರಿಗೆ ಸೇರಿ ಎರಡು. ನಾನು ಬಾಗಲಕೋಟೆ ಎಂದದ್ದೇ ಅವಳು ಸೇಲ್ಸ್ ಮರೆತು, ಅಲ್ಲಿ ಯಾವ ಓಣಿ, ಯಾರ ಪೈಕಿ ಎಂದು ಶುರುಮಾಡಿದಳು. ಅವ್ವ ಹೋದ ಮೇಲೆ, ಈ ಮೂರು ವರ್ಷದಲ್ಲಿ, ಯಾರೂ ನನ್ನನ್ನು ಅದನ್ನು ಕೇಳಿರಲಿಲ್ಲ.

ಆಮೇಲೆ ಆ ಪ್ರಶ್ನೆಯೂ ಬಂತು. "ಮನ್ಯಾಗ ಎಷ್ಟ ಮಂದಿ ಅದೀರಿ ಸರ್?"

ಒಬ್ಬನೇ ಎಂದರೆ ಸಣ್ಣ ಕಾರಿನ ಮೂಲೆ ತೋರಿಸುತ್ತಾಳೆ, ಹತ್ತು ನಿಮಿಷದಲ್ಲಿ ಕಥೆ ಮುಗಿಯುತ್ತದೆ. ನನ್ನ ಬಾಯಿ ನನ್ನನ್ನು ಕೇಳದೆ, "ನಾಕ ಮಂದಿ ಅದೀವಿ" ಎಂದುಬಿಟ್ಟಿತು. ಮನೆಯವಳು, ಒಬ್ಬ ಮಗ, ಒಬ್ಬಳು ಮಗಳು. ಶಿವಲೀಲಾ ಸಂತೋಷದಿಂದ ಟೆಸ್ಟ್ ಡ್ರೈವಿಗೆ ಕೀಲಿಕೈ ತರಲು ಹೋದಳು.

ಹೀಗೆ ಶನಿವಾರ ಹನ್ನೊಂದು ಗಂಟೆಗೆ ನನ್ನ ವಾರಕ್ಕೊಂದು ಪಾಳಿ ಗೊತ್ತಾಯಿತು. ಒಂದು ವಾರ ಯುದ್ಧದ ಮನೆತನ, ಇನ್ನೊಂದು ವಾರ ಮರಳಿನ ಮನೆತನ, ಮತ್ತೊಂದು ವಾರ ಮೊದಲನೆಯದೇ ಆಟೋಮ್ಯಾಟಿಕ್ಕಿನಲ್ಲಿ. ನಾನು ಓಡಿಸುವುದು, ಅವಳು ಪಕ್ಕದಲ್ಲಿ ಕೂತು ದಾರಿ ಹೇಳುವುದು. ಟೆಸ್ಟ್ ಡ್ರೈವಿಗೂ ಒಂದು ಗೊತ್ತಾದ ಪ್ರದಕ್ಷಿಣೆಯ ಹಾದಿ ಇರುತ್ತದೆ ಎಂದು ಆಗ ತಿಳಿಯಿತು: ಮೇಲುಸೇತುವೆ ಹತ್ತಿಸಿ ಇಂಜಿನ್ನಿನ ಬಲ ತೋರಿಸಬೇಕು, ಅಗಲ ರಸ್ತೆಯಲ್ಲಿ ವೇಗ ತೋರಿಸಬೇಕು, ಕಡೆಗೆ ಒಂದು ತಗ್ಗಿನಲ್ಲಿ ಇಳಿಸಿ ಸಸ್ಪೆನ್ಷನ್ ತೋರಿಸಬೇಕು. ಈ ತಗ್ಗಿನ ಬಗ್ಗೆ ನಾಲ್ಕು ಮಾತು ಹೇಳದೆ ಮುಂದೆ ಹೋಗಲಾರೆ. ಕಟ್ಟುತ್ತಿರುವ ಅಪಾರ್ಟ್‌ಮೆಂಟೊಂದರ ಹಿಂದೆ, ಒಳಚರಂಡಿಯ ಪೈಪು ಹಾಕಲು ಅಗೆದು ಹಾಗೇ ಬಿಟ್ಟಿದ್ದ ಹೊಂಡ ಅದು. ಆ ಭಾಗದ ಶೋರೂಮುಗಳಿಗೆಲ್ಲ ಅದೇ ಕಾಡು, ಅದೇ ಮರುಭೂಮಿ. ಶನಿವಾರ ಬಂತೆಂದರೆ ಬೇರೆ ಬೇರೆ ಮನೆತನಗಳ ಗಾಡಿಗಳು ಅಲ್ಲಿ ಸಾಲಾಗಿ ನಿಂತು, ಒಂದಾದ ಮೇಲೊಂದು ಇಳಿದು, ಎದ್ದು ಹೋಗುತ್ತಿದ್ದವು. "ಸ್ಲೋ ಮಾಡಬ್ಯಾಡ್ರಿ ಸರ್, ಹಂಗ ಬಿಡ್ರಿ, ಹೊಟ್ಟ್ಯಾಗಿನ ನೀರ ಅಳ್ಳಾಡಂಗಿಲ್ಲ" ಎನ್ನುತ್ತಿದ್ದಳು ಶಿವಲೀಲಾ. ಅಳ್ಳಾಡುತ್ತಿತ್ತು. ನಾನು ಅಳ್ಳಾಡಲಿಲ್ಲ ಎನ್ನುತ್ತಿದ್ದೆ.

ತಗ್ಗು ದಾಟಿದ ಮೇಲೆ ಕಾರಿನ ಮಾತು ಮುಗಿದು ಬೇರೆ ಮಾತು ಶುರುವಾಗುತ್ತಿತ್ತು. ಅವಳ ಅತ್ತೆಗೆ ಇಲ್ಲಿಯ ಜೋಳದ ಹಿಟ್ಟು ಒಗ್ಗುವುದಿಲ್ಲ, ರೊಟ್ಟಿ ತಟ್ಟಿದರೆ ಅಂಚು ಸೀಳುತ್ತದೆ. ತೆಲುಗಿನ ಗಿರಾಕಿಗಳ ಹತ್ತಿರ ಅವಳು ತೆಲುಗಿನವಳು, ಹಿಂದಿಯವರ ಹತ್ತಿರ ಹಿಂದಿಯವಳು; ಸಂಜೆಗೆ ನಾಲಿಗೆ ಯಾವ ಊರಿನಲ್ಲಿದೆ ಎಂದು ತನಗೇ ತಿಳಿಯುವುದಿಲ್ಲ ಎನ್ನುತ್ತಿದ್ದಳು. ನಾನು ಅವ್ವನ ಗಾದೆಗಳನ್ನು ಹೇಳುತ್ತಿದ್ದೆ, ಅವಳು ನಗುತ್ತಿದ್ದಳು. ಆ ಒಂದು ತಾಸಿಗಾಗಿ ನಾನು ಉಳಿದ ಆರು ದಿನಗಳನ್ನು ದೂಡುತ್ತಿದ್ದೆ. ಕಾರು ಕೊಂಡರೆ ಈ ತಾಸು ಮುಗಿಯುತ್ತದೆ, ಕೊಳ್ಳುವುದಿಲ್ಲ ಎಂದರೂ ಮುಗಿಯುತ್ತದೆ. ಆದ್ದರಿಂದ ಹೋಲಿಸುತ್ತಲೇ ಇರಬೇಕು. ಡಿಕ್ಕಿಯ ಅಗಲ, ನೆಲದಿಂದ ಎತ್ತರ, ಅಜ್ಜಂದಿರ ಪರಾಕ್ರಮ ಎಲ್ಲವನ್ನೂ ಪುಸ್ತಿಕೆ ನೋಡಿ ಪಟ್ಟಿ ಮಾಡಿ, ಪ್ರತಿ ವಾರ ಒಂದು ಹೊಸ ಅನುಮಾನ ಹುಟ್ಟಿಸಿಕೊಂಡು ಹೋಗುತ್ತಿದ್ದೆ. ಅನುಮಾನ ಹುಟ್ಟಿಸುವುದು ಹೇಗೂ ನನ್ನ ಕಸುಬು.

ಅನುಮಾನಗಳಿಗೆ ಕಾರಣ ಬೇಕಲ್ಲ? ಅವನ್ನು ನನ್ನ ಸಂಸಾರ ಒದಗಿಸಿತು. ಮನೆಯವಳಿಗೆ ಮಂಡಿನೋವು, ಸೀಟು ಎತ್ತರವಿರಬೇಕು. ಮಗ ಉದ್ದ, ಕಾಲು ಚಾಚಲು ಜಾಗ ಬೇಕು. ಮಗಳಿಗೆ ಕಾರಿನಲ್ಲಿ ವಾಂತಿಯಾಗುತ್ತದೆ, ಗಾಡಿ ತೂಗಾಡಬಾರದು. ಒಂದು ಸುಳ್ಳಿಗೆ ಹತ್ತು ಸುಳ್ಳು ಎನ್ನುತ್ತಾರೆ. ಆದರೆ ಆ ಹತ್ತು ಸುಳ್ಳುಗಳ ಮೇಲೆ ಮಮತೆ ಹುಟ್ಟುತ್ತದೆ ಎಂದು ಯಾರೂ ಎಚ್ಚರಿಸಿರಲಿಲ್ಲ. ಒಂದು ಬುಧವಾರ ಅಂಗಡಿಯಲ್ಲಿ ಹಲ್ಲುಜ್ಜುವ ಪೇಸ್ಟು ಹುಡುಕುತ್ತಿದ್ದವನು, ಪ್ರಯಾಣದಲ್ಲಿ ಒಳ್ಳೆಯದು ಎಂದು ಬರೆದಿದ್ದ ಶುಂಠಿಯ ಪೆಪ್ಪರಮಿಂಟಿನ ಪೊಟ್ಟಣವೊಂದನ್ನು ಬುಟ್ಟಿಗೆ ಹಾಕಿಕೊಂಡೆ. ಯಾರಿಗೆ ಎಂದು ನೆನಪಾಗಿ, ತೆಗೆದು ಹಿಂದಕ್ಕಿಟ್ಟು, ಪೇಸ್ಟನ್ನೂ ಕೊಳ್ಳದೆ ಮನೆಗೆ ಬಂದೆ. ಇದ್ದವರು ಹೋದರೆ ಅಳಬಹುದು. ಇಲ್ಲದವರಿಗೆ ಅತ್ತರೆ ನೋಡಿದವರು ಏನೆನ್ನುತ್ತಾರೆ?

ಆರನೆಯ ಶನಿವಾರ ಬೆಳಿಗ್ಗೆ ಎಂದಿನಂತೆ ಆ ಅಪಾರ್ಟ್‌ಮೆಂಟಿನ ಹಿಂದಕ್ಕೆ ತಿರುಗಿದೆವು. ತಗ್ಗು ಇರಲಿಲ್ಲ. ನಗರಪಾಲಿಕೆಗೆ ಇದ್ದಕ್ಕಿದ್ದಂತೆ ಕರ್ತವ್ಯಪ್ರಜ್ಞೆ ಬಂದು, ಜಲ್ಲಿ ತುಂಬಿ, ಮೇಲೆ ಡಾಂಬರು ಬಳಿದು, ನುಣ್ಣಗೆ ಮಾಡಿಬಿಟ್ಟಿತ್ತು. ನಮ್ಮ ಮುಂದೆ ಬೇರೆ ಮನೆತನದ ಬಿಳಿ ಗಾಡಿಯೊಂದು, ನಂಬಲಾಗದೆ, ಅಲ್ಲೇ ಹಿಂದೆ ಮುಂದೆ ಸರಿದಾಡುತ್ತಿತ್ತು. ಯುದ್ಧ ಗೆದ್ದವನ ಮೊಮ್ಮಗನೂ ಮರುಭೂಮಿ ದಾಟಿದವನ ಮೊಮ್ಮಗನೂ ಒಂದು ಗುಂಡಿ ಮುಚ್ಚಿದ್ದಕ್ಕೆ ದಿಕ್ಕೆಟ್ಟು ನಿಂತಿದ್ದರು. ನನಗೆ ನಗು ಬಂತು. ಶಿವಲೀಲಾ ನಗಲಿಲ್ಲ.

"ಬಾಜೂಕ ನಿಲ್ಲಸ್ರಿ ಸರ್," ಎಂದಳು. ನಿಲ್ಲಿಸಿದೆ. ಅವಳು ಎದುರಿನ ಗಾಜನ್ನೇ ನೋಡುತ್ತ, "ಮ್ಯಾನೇಜರ್ ಕೇಳಾಕತ್ತಾರ್ರಿ. ಆ ಸರ್ ಮನಿಯವ್ರನ್ನ ಯಾವಾಗ ಕರ್ಕೊಂಡ ಬರ್ತಾರ, ಆರ್ ವಾರ ಆತು ಅಂತ. ನಾ ಏನ್ ಹೇಳ್ಲಿ?"

ಇನ್ನೊಂದು ಸುಳ್ಳು ತಯಾರಿತ್ತು: ಮಗಳ ಪರೀಕ್ಷೆ. ನಾಲಿಗೆಯ ತುದಿಗೆ ಬಂದಿತ್ತು ಕೂಡ. ಆದರೆ ಅವಳು ಏನ್ ಹೇಳ್ಲಿ ಎಂದ ರೀತಿಯಲ್ಲಿ ಮೋಸಹೋದವಳ ಸಿಟ್ಟು ಇರಲಿಲ್ಲ. ಎದುರಿಗಿರುವವನು ಬೀಳದಂತೆ ಕೈ ಚಾಚುವವಳ ಎಚ್ಚರವಿತ್ತು. "ಮನ್ಯಾಗ ಯಾರೂ ಇಲ್ಲವಾ," ಎಂದೆ. "ನಾ ಒಬ್ಬಾಂವನ ಇರೂದು."

"ಗೊತ್ತಿತ್ರಿ."

"ಯಾವಾಗಿಂದ?"

"ಎರಡನೇ ಶನಿವಾರದಿಂದ್ರಿ," ಎಂದಳು. "ಮನಿ ಮಂದಿ ಇದ್ದೋರು ಮೊದಲ ಹಿಂದಿನ ಬಾಗಲಾ ತಗೀತಾರ್ರಿ ಸರ್. ಹಿಂದ ಕುಂತು ಮೊಣಕಾಲಿಗೆ ಎಷ್ಟ ಜಾಗ ಐತಿ ನೋಡ್ತಾರ. ಡಿಕ್ಕಿ ತಗಿಸಿ ಊರಿಗೆ ಹೋಗುವಾಗ ಎಷ್ಟ ಬ್ಯಾಗ ಹಿಡಿತಾವು ಕೇಳ್ತಾರ. ನೀವು ಮಗಾ ಉದ್ದ ಅದಾನ ಅಂತೀರಿ, ಮಗಳಿಗೆ ವಾಂತಿ ಆಗತೈತಿ ಅಂತೀರಿ, ಒಂದ್ ಸಲನೂ ಹಿಂದಿನ ಬಾಗಲಾ ಮುಟ್ಟಲಿಲ್ಲ."

ಇಪ್ಪತ್ತೆಂಟು ವರ್ಷ ಬೇರೆಯವರ ಲೆಕ್ಕಾಚಾರದಲ್ಲಿ ತೂತು ಹುಡುಕಿದವನು ನಾನು. ನನ್ನ ಇಡೀ ಸಂಸಾರಕ್ಕೆ ಹಿಂದಿನ ಸೀಟು ಎನ್ನುವುದು ಒಂದಿದೆ ಎಂದೇ ನನಗೆ ಹೊಳೆದಿರಲಿಲ್ಲ. ಪ್ಲಾಸ್ಟಿಕ್ ಕವಚ ತಟ್ಟಿ ನಕ್ಕವನು, ನನ್ನನ್ನು ಅವಳು ಯಾವಾಗಲೋ ತಟ್ಟಿ ನೋಡಿದ್ದಾಳೆ ಎನ್ನುವುದನ್ನು ಅರಿಯದೆ ಕೂತಿದ್ದೆ. ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಅವಳು ಸಮಾಧಾನಕ್ಕೆಂದು, "ನಿಮ್ಮಂಗ ಬರೋರು ಭಾಳ ಮಂದಿ ಅದಾರ್ರಿ, ಮನಸಿಗೆ ಹಚ್ಚಿಕೋಬ್ಯಾಡ್ರಿ," ಎಂದಳು. ಅದು ಇನ್ನೂ ಚುಚ್ಚಿತು. ನಾನು ಒಂಟಿ ಎನ್ನುವುದು ಗೊತ್ತಿತ್ತು. ಒಂಟಿತನದಲ್ಲೂ ನಾನೊಬ್ಬ ಮಾಮೂಲಿ ಗಿರಾಕಿ ಎನ್ನುವುದು ಗೊತ್ತಿರಲಿಲ್ಲ.

"ಬುಕ್ ಮಾಡವಾ," ಎಂದೆ. "ಇವತ್ತ ಮಾಡು."

"ನಾಚಿಕೊಂಡು ಗಾಡಿ ತಗೋಬ್ಯಾಡ್ರಿ ಸರ್. ವಿಚಾರ ಮಾಡ್ರಿ."

ವಿಚಾರ ಮಾಡುವ ಸ್ಥಿತಿಯಲ್ಲಿ ನಾನಿರಲಿಲ್ಲ. ಯಾವುದು ಎಂದು ಕೇಳಿದಳು, ಯಾವುದು ತಯಾರಿದೆಯೋ ಅದು ಎಂದೆ. ಹೀಗೆ ಆರು ವಾರಗಳ ತೌಲನಿಕ ಅಧ್ಯಯನ, ವಂಶಾವಳಿಯ ಸಂಶೋಧನೆ ಎಲ್ಲವೂ ಗೋದಾಮಿನಲ್ಲಿ ಯಾವುದು ನಿಂತಿದೆ ಎಂಬ ಒಂದೇ ಆಧಾರದ ಮೇಲೆ ತೀರ್ಮಾನವಾದವು. ಯುದ್ಧದ ಮನೆತನದ್ದು ಒಂದು ಬೂದು ಬಣ್ಣದ್ದು ನಿಂತಿತ್ತು. ಬೇಕೆಂದು ಕಾರು ಕೊಂಡವರಿದ್ದಾರೆ, ಬೀಗರ ಮುಂದೆ ಮೆರೆಯಲು ಕೊಂಡವರಿದ್ದಾರೆ. ಮುಖ ಮುಚ್ಚಿಕೊಳ್ಳಲು ಕೊಂಡವನು ಬಹುಶಃ ನಾನೊಬ್ಬನೇ.

ಹೊಸ ಗಾಡಿಯನ್ನು ಕೈಗೊಪ್ಪಿಸುವುದು ಈಗ ಒಂದು ಸಣ್ಣ ಮದುವೆಯಷ್ಟೇ ಸಡಗರದ ಕೆಲಸ. ಗಾಡಿಗೆ ಕೆಂಪು ಬಟ್ಟೆ ಹೊದಿಸಿರುತ್ತಾರೆ, ಹೂವಿನ ಹಾರ, ಚಕ್ರದ ಕೆಳಗೆ ನಿಂಬೆಹಣ್ಣು. ಒಬ್ಬರು ಮೈಕು ಹಿಡಿದು ಹೆಸರು ಕೂಗಿ, "ಮತ್ತು ಅವರ ಕುಟುಂಬಕ್ಕೆ ಅಭಿನಂದನೆಗಳು" ಎನ್ನುತ್ತಾರೆ, ಎಲ್ಲ ಸಿಬ್ಬಂದಿ ಚಪ್ಪಾಳೆ ತಟ್ಟುತ್ತಾರೆ. ನನಗಿಂತ ಮೊದಲು ಇದ್ದವರು ಅಜ್ಜಿಯಿಂದ ಹಿಡಿದು ಕೈಗೂಸಿನ ತನಕ ಒಂಬತ್ತು ಜನ ಬಂದಿದ್ದರು. ನನ್ನ ಸರದಿಗೆ ಮೊದಲು ಶಿವಲೀಲಾ ಮೈಕಿನವರ ಹತ್ತಿರ ಹೋಗಿ ಕಿವಿಯಲ್ಲಿ ಏನೋ ಹೇಳಿದ್ದನ್ನು ನೋಡಿದೆ. ಅವರು ನನ್ನ ಹೆಸರನ್ನು ಪೂರ್ತಿ ಹೇಳಿ, ಅಭಿನಂದನೆಗಳು ಎಂದು ಅಲ್ಲಿಗೇ ನಿಲ್ಲಿಸಿದರು. ರಟ್ಟಿನ ದೊಡ್ಡ ಕೀಲಿಕೈಯೊಂದನ್ನು ಫೋಟೊಕ್ಕೆ ಕೊಟ್ಟರು. ನಾಲ್ಕು ಜನ ಹಿಡಿಯುವಷ್ಟು ಉದ್ದದ್ದು. ಒಂದು ತುದಿ ನಾನು ಹಿಡಿದರೆ ಇನ್ನೊಂದು ಬಾಗುತ್ತಿತ್ತು. ಮೈಕಿನವರೇ ಬಂದು ಆ ತುದಿ ಹಿಡಿದುಕೊಂಡರು. ಫೋಟೊ ತೆಗೆದವಳು ಶಿವಲೀಲಾ.

ಆಮೇಲೆ ಶನಿವಾರಗಳು ಖಾಲಿಯಾದವು. ಗಾಡಿ ಚೆನ್ನಾಗಿದೆ, ದೂರುವಂಥದು ಏನೂ ಇಲ್ಲ. ಒಂದು ಭಾನುವಾರ ತಾರ್ನಾಕಕ್ಕೆ ಹೋಗಿ, ಯೂನಿವರ್ಸಿಟಿಯ ಮರಗಳ ಕೆಳಗೆ ಅಪ್ಪ ಹೊಡೆಸುತ್ತಿದ್ದ ಸುತ್ತನ್ನೇ ಹೊಡೆದು ಬಂದೆ. ಇಲ್ಲೇ ನೋಡು, ಹೀಗೇ ಹೋಗುತ್ತಿದ್ದೆವು ಎಂದು ಹೇಳಲು ಪಕ್ಕಕ್ಕೆ ತಿರುಗಿದರೆ ಸೀಟು ಖಾಲಿ. ಇನ್ನೊಂದು ದಿನ ಐದು ಕಿಲೋ ಉಳ್ಳಾಗಡ್ಡಿಯ ಚೀಲವನ್ನು ಆ ಸೀಟಿನ ಮೇಲಿಟ್ಟೆ. ಗಾಡಿ ಟಿಣ್ ಟಿಣ್ ಎಂದು ಬಡಿದುಕೊಳ್ಳಲು ಶುರುಮಾಡಿತು. ಯಾರೋ ಮನುಷ್ಯರು ಬೆಲ್ಟು ಕಟ್ಟದೆ ಕೂತಿದ್ದಾರೆ ಎಂದು ಅದರ ತಿಳಿವಳಿಕೆ. ತೆಗೆದು ಕೆಳಗಿಡಬಹುದಿತ್ತು. ನಾನು ಚೀಲಕ್ಕೆ ಬೆಲ್ಟು ಕಟ್ಟಿದೆ. ಗಾಡಿ ಸುಮ್ಮನಾಯಿತು. ಮಣಿಕೊಂಡದ ತನಕ ಇಬ್ಬರೂ ಮಾತಿಲ್ಲದೆ ಬಂದೆವು.

ಮೂರನೆಯ ಶನಿವಾರ ಹನ್ನೊಂದು ಗಂಟೆಗೆ ಫೋನು ಕೈಗೆತ್ತಿಕೊಂಡೆ. ನಾನು ಪೂರ್ವಸಿದ್ಧತೆ ಇಲ್ಲದೆ ಯಾವ ಕೆಲಸವನ್ನೂ ಮಾಡುವವನಲ್ಲ. ಎಡಗಡೆಯ ಬಾಗಿಲಲ್ಲಿ ಕಿರ್ ಎಂಬ ಸದ್ದು, ಬ್ರೇಕು ಹಾಕಿದಾಗ ಮಾತ್ರ, ಅದೂ ಬೆಳಗಿನ ಹೊತ್ತು ಮಾತ್ರ, ಎಂದು ಯಾರೂ ಪರೀಕ್ಷಿಸಲಾಗದಂಥ ಒಂದು ದೋಷವನ್ನು ಹೆಣೆದಿಟ್ಟುಕೊಂಡಿದ್ದೆ. ತಂದು ತೋರಿಸಿ ಎನ್ನುತ್ತಾಳೆ, ಪಕ್ಕದಲ್ಲಿ ಕೂತು ಒಂದು ಸುತ್ತು ಬರುತ್ತಾಳೆ, ಅಷ್ಟು ಸಾಕು.

"ಹೇಳ್ರಿ ಸರ್," ಎಂದಳು ಶಿವಲೀಲಾ. "ಗಾಡಿ ಹೆಂಗೈತ್ರಿ? ಏನರ ತ್ರಾಸ ಕೊಡಾಕತ್ತೇತೇನು?"

ಬಾಗಿಲಿನ ಸದ್ದು ಬಾಯಿಯ ತನಕ ಬಂತು. ಅವಳು ಅದನ್ನೂ ಹಿಡಿಯುತ್ತಾಳೆ ಎನ್ನುವ ಭಯವಲ್ಲ. ಇನ್ನು ಸಾಕು ಎನ್ನಿಸಿತು, ಅಷ್ಟೇ. ಈ ವಯಸ್ಸಿನಲ್ಲಿ ಎಷ್ಟು ಸುತ್ತಿ ಬರಬೇಕು ಒಂದು ಮಾತಿಗೆ?

"ಗಾಡಿಗೇನೂ ಆಗಿಲ್ಲವಾ," ಎಂದೆ. "ನನಗ ಬ್ಯಾಸರಾಗೇತಿ. ಮಾತಾಡಾಕ ಯಾರೂ ಇಲ್ಲ."

ಆ ಕಡೆ ಶೋರೂಮಿನಲ್ಲಿ ಮೈಕಿನವರು ಯಾರಿಗೋ, ಅವರ ಕುಟುಂಬಕ್ಕೆ, ಅಭಿನಂದನೆ ಹೇಳುತ್ತಿದ್ದರು. ಚಪ್ಪಾಳೆ ನಿಲ್ಲುವ ತನಕ ಅವಳು ಕಾದಳು.

"ಇಷ್ಟ ಹೇಳಾಕ ಒಂದ್ ಕಾರ್ ತಗೋಬೇಕಾತೇನ್ರಿ ಕಾಕಾ?" ಎಂದಳು.